ತೋಟ ಕಾರ್ಮಿಕರ ಸುರಕ್ಷತೆ: ಕಾನೂನು ಎಲ್ಲಿಯವರೆಗೆ, ಒಪ್ಪಂದ ಎಲ್ಲಿಂದ?

ಕೊಪ್ಪ: ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಕಾಫಿಯೂ ಅಡಿಕೆಯೂ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಆದರೆ ಈ ಎರಡು ತೋಟಗಳಲ್ಲಿ ದುಡಿಯುವವರಿಗೆ ಕಾನೂನು ನೀಡುವ ರಕ್ಷಣೆ ಒಂದೇ ಅಲ್ಲ.

ಕಾನೂನಿನ ಹಾದಿ

1951ರ ತೋಟ ಕಾರ್ಮಿಕರ ಕಾಯ್ದೆಯು ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ನೆರವು ಮತ್ತು ವಸತಿಯನ್ನು ಮಾಲೀಕರ ಹೊಣೆಯಾಗಿಸಿತು. ಲೈನ್ ಮನೆ ಕುಸಿದು ಸಾವುನೋವು ಸಂಭವಿಸಿದರೆ ಪರಿಹಾರ ನೀಡಬೇಕೆಂಬ ಅಂಶವನ್ನು 1981ರ ತಿದ್ದುಪಡಿ ಸೇರಿಸಿತು. 2010ರ ತಿದ್ದುಪಡಿಯು ಕೀಟನಾಶಕ ಬಳಸುವವರಿಗೆ ತರಬೇತಿ, ರಕ್ಷಣಾ ಉಡುಪು, ನಿಯತಕಾಲಿಕ ವೈದ್ಯಕೀಯ ತಪಾಸಣೆ ಹಾಗೂ ಆರೋಗ್ಯ ದಾಖಲೆಯನ್ನು ಕಡ್ಡಾಯಗೊಳಿಸಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕಾಯ್ದೆಯ ಸ್ಥಾನವನ್ನು 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಪಡೆದಿದೆ. ಕೀಟನಾಶಕ ಕುರಿತ ನಿಯಮಗಳು ಅದರಲ್ಲೂ ಇವೆ.

ಅಡಿಕೆ ಎಲ್ಲಿ?

ಕಾನೂನು ಹೆಸರಿಸುವ ಬೆಳೆಗಳು ಐದು: ಚಹಾ, ಕಾಫಿ, ರಬ್ಬರ್, ಸಿಂಕೋನಾ ಮತ್ತು ಏಲಕ್ಕಿ. ತೋಟ ಕನಿಷ್ಠ 5 ಹೆಕ್ಟೇರ್, ಅಂದರೆ 12 ಎಕರೆಗೂ ಹೆಚ್ಚು ಇರಬೇಕು. ಬೇರೆ ಬೆಳೆಗೆ ಇದನ್ನು ವಿಸ್ತರಿಸಲು ರಾಜ್ಯ ಸರ್ಕಾರವು ಕೇಂದ್ರದ ಅನುಮತಿ ಪಡೆದು ಅಧಿಸೂಚನೆ ಹೊರಡಿಸಬೇಕು.

ಆದರೆ ಅಪಾಯ ಎಕರೆಯ ಲೆಕ್ಕ ನೋಡುವುದಿಲ್ಲ. ಕೊಳೆರೋಗ ತಡೆಯಲು ಮಳೆಗಾಲದ ಆರಂಭದಲ್ಲಿ, ಮತ್ತೆ 40-45 ದಿನಗಳ ಬಳಿಕ, ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಲಾಗುತ್ತದೆ. 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ ಬೇಕು. ಮಳೆ ಬಿಡುವು ಕೊಟ್ಟಾಗ ಜಾರುವ ಮರ ಏರುವ ಕೊನೆಗಾರರಿಗೆ ಬೀಳುವ ಭಯ, ಕಣ್ಣು ಮತ್ತು ಚರ್ಮಕ್ಕೆ ದ್ರಾವಣದ ಉರಿ ಎರಡೂ ತಪ್ಪಿದ್ದಲ್ಲ. ನೆಲದಲ್ಲೇ ನಿಂತು ಸಿಂಪಡಿಸಬಹುದಾದ ಫೈಬರ್ ದೋಟಿಗಳು ಈಗ ಬಳಕೆಗೆ ಬಂದಿವೆ.

ಒಪ್ಪಂದದ ಬಲ

ಕಾರ್ಮಿಕ ಸಂಘ ಮತ್ತು ಮಾಲೀಕರು ತಮ್ಮಲ್ಲೇ ಮಾಡಿಕೊಂಡ ಒಪ್ಪಂದವು ಸಹಿ ಮಾಡಿದ ಪಕ್ಷಗಳಿಗಷ್ಟೇ ಅನ್ವಯಿಸುತ್ತದೆ. ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದವು ಸಂಘದ ಸದಸ್ಯರಲ್ಲದವರನ್ನೂ, ಮುಂದೆ ಕೆಲಸಕ್ಕೆ ಸೇರುವವರನ್ನೂ ಒಳಗೊಳ್ಳುತ್ತದೆ. ಮಾತುಕತೆ ಕೂಲಿ ದರದಲ್ಲೇ ಮುಗಿದರೆ ಈ ಬಲ ಸುರಕ್ಷತೆಗೆ ಒದಗುವುದಿಲ್ಲ.

ಸ್ಥಳೀಯ ಅಪಾಯಗಳನ್ನು ಒಪ್ಪಂದದಲ್ಲಿ ಹೆಸರಿಸಿಯೇ ಬರೆಯಬೇಕಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2024ರಲ್ಲಿ ಈ ಭಾಗದಲ್ಲೂ ಕಾಣಿಸಿಕೊಂಡಿತು. ಉಣ್ಣೆ ಕಡಿತದಿಂದ ಹರಡುವ ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಕಾಡಂಚಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಉಣ್ಣೆ ನಿವಾರಕ ತೈಲ, ಮೈಮುಚ್ಚುವ ಬಟ್ಟೆ ಮತ್ತು ಜ್ವರ ಬಂದಾಗ ವೇತನ ಸಹಿತ ರಜೆ ಇರಬೇಕು.

ಕೈಗವಸು, ಗಂಬೂಟುಗಳನ್ನು ಯಾರು ಒದಗಿಸಬೇಕು, ಹರಿದಾಗ ಎಷ್ಟು ದಿನದಲ್ಲಿ ಬದಲಿಸಬೇಕು, ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವ ವಾಹನದ ವೆಚ್ಚ ಯಾರದು ಎಂಬುದೂ ಬರಹದಲ್ಲಿರಬೇಕು. ಸಣ್ಣ ಅಡಿಕೆ ತೋಟಗಳಲ್ಲಿ ದಿನಗೂಲಿಗೆ ದುಡಿಯುವ, ಸಂಘವೂ ಒಪ್ಪಂದವೂ ಇಲ್ಲದ ಕೊನೆಗಾರರಿಗೆ ಇದಾವುದೂ ತಲುಪುವುದಿಲ್ಲ.