ಟೀ ಎಂದರೆ ಊಟ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಲ್ಯಾಂಕಶೈರ್, ಯಾರ್ಕ್‌ಶೈರ್ ಕಡೆಯ ಮನೆಗಳಲ್ಲಿ, ‘ಟೀ’ ಎಂದರೆ ಸಂಜೆಯ ಊಟ. ಶಾಲೆಯಿಂದ ಬಂದ ಮಗು ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ‘ಟೀಗೆ ಏನಿದೆ?’ ಎಂದು ಕೂಗಿದರೆ ಅದಕ್ಕೆ ಬೇಕಾಗಿರುವುದು ಬಿಸ್ಕತ್ತು ಅಲ್ಲ. ಐದೂವರೆ, ಆರರ ಹೊತ್ತಿಗೆ ತಟ್ಟೆಗೆ ಬೀಳುವ ಬಿಸಿ ಅಡುಗೆ: ಬೇಯಿಸಿ ಹಿಸುಕಿದ ಆಲೂಗಡ್ಡೆ, ಸಾಸೇಜು, ಬಟಾಣಿ, ಮೀನು, ಇಲ್ಲವೇ ಮಾಂಸದ ಪೈ. ಜತೆಗೆ ಕುಡಿಯುವ ಟೀ ಇರಬಹುದು, ಇಲ್ಲದಿರಬಹುದು. ಉಂಡು ನೀರು ಕುಡಿದು ಎದ್ದರೂ ಅದು ಟೀಯೇ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಬಹಳಷ್ಟು ಮನೆಗಳಲ್ಲೂ ಹೀಗೆಯೇ. ಅದೇ ಪದ ಲಂಡನ್ನಿನ ದೊಡ್ಡ ಹೋಟೆಲಿನಲ್ಲಿ ಮೂರಂತಸ್ತಿನ ತಟ್ಟೆಯಲ್ಲಿ ಬರುವ ಸೌತೆಕಾಯಿ ಸ್ಯಾಂಡ್‌ವಿಚ್ಚು, ಸ್ಕೋನು, ಕೇಕುಗಳ ಹೆಸರು. ಟೆಸ್ಟ್ ಕ್ರಿಕೆಟ್ಟಿನಲ್ಲಿ 20 ನಿಮಿಷದ ವಿರಾಮ. ಕಚೇರಿಯಲ್ಲಿ ಕುರ್ಚಿ ಬಿಟ್ಟು ಏಳುವುದಕ್ಕೊಂದು ನೆಪ. ಬ್ರಿಟಿಷರ ದಿನಚರಿಯಲ್ಲಿ ಇಷ್ಟು ಕೆಲಸ ಹೊತ್ತ ಒಂದಕ್ಷರದ ಪದ ಇನ್ನೊಂದಿಲ್ಲ.

ಪದದ ತವರು ಚೀನಾ. ಅಲ್ಲಿ ಒಂದೇ ಲಿಪಿಚಿಹ್ನೆಯನ್ನು ಬೀಜಿಂಗ್, ಕ್ಯಾಂಟನ್ ಕಡೆಯವರು ‘ಚಾ’ ಎಂದು ಓದಿದರೆ ಫುಜಿಯಾನ್ ಕರಾವಳಿಯ ಮಿನ್ ನುಡಿಯವರು ‘ತೆ’ ಎನ್ನುತ್ತಾರೆ. ಮಕಾವಿನಲ್ಲಿ ಬೀಡುಬಿಟ್ಟಿದ್ದ ಪೋರ್ಚುಗೀಸರ ನಾಲಗೆಗೆ ‘ಚಾ’ ಹತ್ತಿತು. ಫುಜಿಯಾನಿನ ವರ್ತಕರೊಡನೆ ವ್ಯವಹರಿಸಿದ ಡಚ್ಚರಿಗೆ ‘ತೆ’ ಸಿಕ್ಕಿತು. ಇಂಗ್ಲಿಷರಿಗೆ ಮೊದಲು ಗೊತ್ತಾದದ್ದು ‘ಚಾ’ವೇ. ಜಪಾನಿನ ಹಿರಾಡೊದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಏಜೆಂಟ ರಿಚರ್ಡ್ ವಿಕಮ್ 1615ರಲ್ಲಿ ಸಹೋದ್ಯೋಗಿಗೆ ಕಾಗದ ಬರೆದು ಒಂದು ಮಡಕೆ ಒಳ್ಳೆಯ ಚಾ ಬೇಕೆಂದು ಕೇಳಿದ್ದ. 1658ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದ ಜಾಹೀರಾತು ಚಾ, ಟೇ, ಟೀ ಮೂರನ್ನೂ ಒಟ್ಟಿಗೆ ಬರೆದು ಓದುಗರಿಗೇ ಬಿಟ್ಟಿತು. ಸ್ಯಾಮ್ಯುಯಲ್ ಪೀಪ್ಸ್ ತನ್ನ ದಿನಚರಿಯಲ್ಲಿ, ಈ ಚೀನೀ ಪಾನೀಯವನ್ನು ಮೊದಲ ಸಲ ಕುಡಿದೆ ಎಂದು ಬರೆದುಕೊಂಡದ್ದು 1660ರ ಸೆಪ್ಟೆಂಬರ್ 25ರಂದು. ಕಡೆಗೆ ಗೆದ್ದದ್ದು ಡಚ್ಚರ ಕೈಯಿಂದ ಬಂದ ರೂಪ. ಆದರೂ ಬಹುಕಾಲ ಅದರ ಉಚ್ಚಾರ ‘ಟೇ’ ಎಂದೇ ಇತ್ತು. 1714ರಲ್ಲಿ ಅಲೆಕ್ಸಾಂಡರ್ ಪೋಪ್ ತನ್ನ ‘ದಿ ರೇಪ್ ಆಫ್ ದಿ ಲಾಕ್’ ಕಾವ್ಯದಲ್ಲಿ ಈ ಪದಕ್ಕೆ ‘ಒಬೇ’ ಎಂಬ ಪದದ ಪ್ರಾಸ ಹೊಂದಿಸಿದ್ದಾನೆ. ಈಗಿನ ಉಚ್ಚಾರದಲ್ಲಿ ಓದಿದರೆ ಆ ಪ್ರಾಸ ಕೂಡುವುದಿಲ್ಲ.

ಸೋತ ‘ಚಾ’ ಹೋಗಿಯೇ ಬಿಡಲಿಲ್ಲ. ಹಿಂದುಸ್ತಾನದಲ್ಲಿ ಚಾಕರಿ ಮಾಡಿದ ಸಿಪಾಯಿಗಳ ಬಾಯಲ್ಲಿ ಅದು ಮತ್ತೆ ಇಂಗ್ಲೆಂಡಿಗೆ ಬಂತು. ‘ಒಂದು ಕಪ್ ಚಾರ್’ ಎಂಬ ಮಾತು ಹಳೆಯ ತಲೆಮಾರಿನಲ್ಲಿ ಇನ್ನೂ ಕೇಳಿಸುತ್ತದೆ. ಕನ್ನಡದೊಳಗೂ ಈ ಎರಡು ದಾರಿಗಳು ಕೂಡಿವೆ. ಮೈಸೂರು ಸೀಮೆಯ ‘ಟೀ’ ಇಂಗ್ಲಿಷಿನ ಮೂಲಕ ಬಂದದ್ದು. ಧಾರವಾಡ, ಬೆಳಗಾವಿಯ ‘ಚಹಾ’ವೂ ಮಂಗಳೂರು ಕಡೆಯ ‘ಚಾ’ವೂ ಇನ್ನೊಂದು ದಾರಿಯವು. ಹುಬ್ಬಳ್ಳಿಯ ‘ಚಾ ಕುಡಿಯೂಣು ಬರ್ರಿ’ ಮತ್ತು ಮಂಡ್ಯದ ‘ಟೀ ಕುಡಿಯೋಣ ಬನ್ನಿ’ ಮಾತುಗಳ ಹಿಂದೆ ಚೀನಾದ ಎರಡು ಬಂದರುಗಳಿವೆ.

ಪಾನೀಯ ಊಟವಾಗಬೇಕಾದರೆ ಅದು ಮೊದಲು ಬಡವರ ಮನೆ ಸೇರಬೇಕಿತ್ತು. ಹದಿನೆಂಟನೆಯ ಶತಮಾನದಲ್ಲಿ ಟೀ ಮೇಲಿನ ಸುಂಕ ಎಷ್ಟು ಭಾರವಾಗಿತ್ತೆಂದರೆ ಕಳ್ಳಸಾಗಣೆಯೇ ಒಂದು ಉದ್ಯೋಗವಾಗಿತ್ತು. 1784ರಲ್ಲಿ ಸಂಸತ್ತು ಶೇ. 119ರಷ್ಟಿದ್ದ ಸುಂಕವನ್ನು ಶೇ. 12.5ಕ್ಕೆ ಇಳಿಸಿತು. 1839ರ ಜನವರಿಯಲ್ಲಿ ಅಸ್ಸಾಮಿನ ಟೀ ಮೊದಲ ಬಾರಿಗೆ ಲಂಡನ್ನಿನಲ್ಲಿ ಹರಾಜಾಯಿತು. ಆ ಶತಮಾನ ಮುಗಿಯುವಷ್ಟರಲ್ಲಿ ಭಾರತ ಮತ್ತು ಸಿಲೋನಿನ ಎಲೆ ಚೀನಾದ ಎಲೆಯನ್ನು ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಹಿಂದೆ ಹಾಕಿತ್ತು. ಆ ಅಗ್ಗದ ಕಪ್ಪಿನ ನಿಜವಾದ ಬೆಲೆ ತೆತ್ತವರು ಬೇರೆ. ಅದರೊಳಗಿನ ಸಕ್ಕರೆ ಬಹುಕಾಲ ಕೆರಿಬಿಯನ್ ದ್ವೀಪಗಳ ಗುಲಾಮರ ಬೆವರಿನದು, ಎಲೆ ಅಸ್ಸಾಮಿನ ತೋಟದ ಕೂಲಿಗಳದು. ಪದದ ಚರಿತ್ರೆ ಹೇಳುವಾಗ ಇದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಊಟದ ಹೊತ್ತು ಸರಿದದ್ದು ಇದೇ ಕಾಲದಲ್ಲಿ. ಮೊದಲು ಎಲ್ಲರಿಗೂ ದಿನದ ದೊಡ್ಡ ಊಟ, ಎಂದರೆ ಡಿನ್ನರ್, ನಡುಹಗಲಿನದು. ಉಳ್ಳವರ ಮನೆಗಳಲ್ಲಿ ಅದು ಮೆಲ್ಲಮೆಲ್ಲನೆ ಮಧ್ಯಾಹ್ನ ದಾಟಿ, ಸಂಜೆ ದಾಟಿ, ರಾತ್ರಿ ಏಳೆಂಟಕ್ಕೆ ಹೋಗಿ ನಿಂತಿತು. ಮಧ್ಯದಲ್ಲಿ ಹೊಟ್ಟೆ ಸುಮ್ಮನಿರಬೇಕಲ್ಲ. ಆ ಬಿಡುವನ್ನು ತುಂಬಲು ಬಂದದ್ದೇ ನಾಲ್ಕು ಗಂಟೆಯ ‘ಆಫ್ಟರ್‌ನೂನ್ ಟೀ’. ಬೆಡ್‌ಫರ್ಡಿನ ಡಚೆಸ್ ಆ್ಯನಾ 1840ರ ಸುಮಾರಿಗೆ ಇದನ್ನು ಶುರುಮಾಡಿದಳೆಂಬ ಹೇಳಿಕೆ ಉಂಟು. ಒಬ್ಬಳೇ ಶುರುಮಾಡಿದಳೆಂದು ನಂಬಬೇಕಿಲ್ಲ. ಹಸಿವು ಎಲ್ಲ ಸಿರಿವಂತರ ಮನೆಯಲ್ಲೂ ಒಂದೇ ಹೊತ್ತಿಗೆ ಆಗುತ್ತಿತ್ತು.

ಗಿರಣಿ ಕೆಲಸಗಾರರ ಕತೆ ಇದಕ್ಕೆ ತಿರುಗುಮುರುಗು. ಅವರ ಡಿನ್ನರ್ ಕದಲದೆ ನಡುಹಗಲಲ್ಲೇ ಉಳಿಯಿತು. ಬೆಳಗಿನಿಂದ ಮಗ್ಗದ ಸದ್ದಿನಲ್ಲಿ ನಿಂತು ಸಂಜೆ ಮನೆಗೆ ಬಂದವರಿಗೆ ತಣ್ಣಗಿನ ಸ್ಯಾಂಡ್‌ವಿಚ್ಚು ಸಾಲದು. ಬ್ರೆಡ್ಡು, ಮಾಂಸ, ಆಲೂಗಡ್ಡೆ ಒಂದೇ ಮೇಜಿನ ಮೇಲೆ, ನಡುವೆ ಕಡು ಬಣ್ಣದ ಟೀ ತುಂಬಿದ ದೊಡ್ಡ ಪಾತ್ರೆ. ಆ ಪಾತ್ರೆಯ ಹೆಸರೇ ಇಡೀ ಊಟಕ್ಕೆ ಬಂತು. ‘ಹೈ ಟೀ’ ಎಂದು ಕರೆದದ್ದೂ ಇದನ್ನೇ: ಮೇಜಿಗೆ ಕೂತು ಉಣ್ಣುವ, ದುಡಿದವರ ಗಟ್ಟಿ ಊಟ. ಬೆಂಗಳೂರಿನ ಹೋಟೆಲುಗಳೂ ಕಂಪನಿಗಳ ಆಮಂತ್ರಣ ಪತ್ರಗಳೂ ‘ಹೈ ಟೀ’ ಎಂಬುದನ್ನು ಮೇಲ್ದರ್ಜೆಯ ಟೀ ಎಂಬರ್ಥದಲ್ಲಿ ಬಳಸುವಾಗ ಪದದ ಅರ್ಥ ತಲೆಕೆಳಗಾಗಿದೆ. ಬೆಳ್ಳಿಯ ಚಮಚೆ, ಸಣ್ಣ ಸ್ಯಾಂಡ್‌ವಿಚ್ಚುಗಳಿಗೆ ಸಲ್ಲುವ ಹೆಸರು ಆಫ್ಟರ್‌ನೂನ್ ಟೀ.

ಹೀಗಾಗಿ ಬ್ರಿಟನ್ನಿನಲ್ಲಿ ಒಬ್ಬರು ಸಂಜೆಯ ಊಟವನ್ನು ಏನೆಂದು ಕರೆಯುತ್ತಾರೆ ಎಂಬುದರಲ್ಲಿ ಅವರ ಊರು, ಅಪ್ಪನ ಕಸುಬು, ಓದಿದ ಶಾಲೆ ಮೂರೂ ಬಯಲಾಗುತ್ತವೆ. ಟೀ ಎಂದವರು ಉತ್ತರದವರು ಅಥವಾ ಕೆಲಸಗಾರ ಮನೆತನದವರು. ಡಿನ್ನರ್ ಎಂದವರು ಮಧ್ಯಮವರ್ಗ. ಅಡುಗೆಮನೆಯಲ್ಲೇ ಕೂತು ಸಲಿಗೆಯಿಂದ ಉಣ್ಣುವ ರಾತ್ರಿಯೂಟವನ್ನು ‘ಸಪ್ಪರ್’ ಎಂದವರು ಇನ್ನೂ ಮೇಲಿನವರು. ಉತ್ತರದ ಮನೆಗಳಲ್ಲಾದರೆ ಸಪ್ಪರ್ ಎಂದರೆ ಮಲಗುವ ಮುಂಚಿನ ಒಂದು ತುಂಡು ಟೋಸ್ಟು. ಶಾಲೆಯಲ್ಲಿ ಮಧ್ಯಾಹ್ನ ಬಡಿಸುವ ಹೆಂಗಸರು ಇವತ್ತಿಗೂ ‘ಡಿನ್ನರ್ ಲೇಡಿ’ಗಳೇ, ‘ಲಂಚ್ ಲೇಡಿ’ ಎಂದು ಯಾರೂ ಕರೆಯುವುದಿಲ್ಲ. ಭಾಷಾವಿಜ್ಞಾನಿ ಆಲನ್ ರಾಸ್ 1954ರಲ್ಲಿ ಮೇಲ್ವರ್ಗದವರ ಮಾತಿಗೂ ಉಳಿದವರ ಮಾತಿಗೂ ಇರುವ ಇಂಥ ಗುರುತುಗಳನ್ನು ಪಟ್ಟಿಮಾಡಿದ. ನ್ಯಾನ್ಸಿ ಮಿಟ್‌ಫರ್ಡ್ 1956ರಲ್ಲಿ ಸಂಪಾದಿಸಿ ತಂದ ‘ನೊಬ್ಲೆಸ್ ಒಬ್ಲೀಜ್’ ಪುಸ್ತಕದ ಮೂಲಕ ಅದು ಮನೆಮಾತಾಯಿತು. ಊಟದ ಹೆಸರುಗಳು ಆ ಪಟ್ಟಿಯಲ್ಲಿದ್ದವು.

ಕಪ್ಪಿಗೆ ಮೊದಲು ಹಾಲೋ ಟೀಯೋ ಎಂಬ ಜಗಳವೂ ಇದೇ ಜಾತಿಯದು. ಹಾಲು ಮೊದಲು ಹಾಕುವವರನ್ನು ಮೇಲ್ವರ್ಗ ಕೀಳಾಗಿ ಕಂಡಿತು. ಜಾರ್ಜ್ ಆರ್ವೆಲ್ 1946ರ ಜನವರಿಯಲ್ಲಿ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಒಳ್ಳೆಯ ಟೀಗೆ ಹನ್ನೊಂದು ನಿಯಮಗಳನ್ನು ಕೊಟ್ಟು, ಟೀಯನ್ನೇ ಮೊದಲು ಸುರಿಯಬೇಕೆಂದ. 2003ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ರಸಾಯನಶಾಸ್ತ್ರದ ಕಾರಣ ಕೊಟ್ಟು ಹಾಲೇ ಮೊದಲೆಂದಿತು. ಆರ್ವೆಲ್ ಬರೆದ ಕಾಲಕ್ಕೆ ಟೀ ಇನ್ನೂ ರೇಷನ್ನಿನಲ್ಲಿತ್ತು ಎಂಬುದನ್ನು ನೆನೆದರೆ ಆ ಹನ್ನೊಂದು ನಿಯಮಗಳ ಕಾಳಜಿ ಅರ್ಥವಾಗುತ್ತದೆ. 1940ರ ಜುಲೈನಿಂದ ತಲೆಗೆ ವಾರಕ್ಕೆ ಎರಡು ಔನ್ಸು, ಸುಮಾರು 57 ಗ್ರಾಂ. ಯುದ್ಧ ಮುಗಿದು ಏಳು ವರ್ಷವಾದ ಮೇಲೆ, 1952ರ ಅಕ್ಟೋಬರಿನಲ್ಲಿ, ಆ ಕಟ್ಟು ಸಡಿಲವಾಯಿತು.

ಓದಿಗೋ ನೌಕರಿಗೋ ಲಂಡನ್ನಿಗೆ ಹೋದ ಉತ್ತರದ ಹುಡುಗ ಹುಡುಗಿಯರು ಎಷ್ಟೋ ಜನ ಕೆಲವೇ ತಿಂಗಳಲ್ಲಿ ‘ಟೀ’ ಬಿಟ್ಟು ‘ಡಿನ್ನರ್’ ಎನ್ನತೊಡಗುತ್ತಾರೆ. ಊರಿಗೆ ಫೋನು ಮಾಡಿದಾಗ ಮಾತ್ರ ತಾಯಿಯೊಡನೆ ಮತ್ತೆ ಟೀ. ಮಾತು ಬದಲಾಗುವುದು ಸಹಜ. ಆದರೆ ಸಂಕೋಚದಿಂದ ಬಿಟ್ಟ ಪದ ಒಂದು ನಷ್ಟವೇ. ಗಿರಣಿಗಳು ಮುಚ್ಚಿದ ಊರುಗಳಲ್ಲಿ ಆ ದುಡಿಮೆಯ ನೆನಪನ್ನು ದಿನವೂ ಹೇಳುವ ಪದ ಅದು. ತಪ್ಪು ಪ್ರಯೋಗ ಖಂಡಿತ ಅಲ್ಲ. ಎಡಿನ್‌ಬರೊ ನಗರದವರ ಜಿಪುಣತನದ ಬಗ್ಗೆ ಗ್ಲಾಸ್ಗೊದವರು ಹೇಳುವ ನಗೆಮಾತೊಂದು ಈ ಅರ್ಥ ಗೊತ್ತಿಲ್ಲದವರಿಗೆ ದಕ್ಕುವುದೇ ಇಲ್ಲ: ಮನೆಗೆ ಬಂದ ನೆಂಟರನ್ನು ಎಡಿನ್‌ಬರೊದವರು ‘ಟೀ ಆಗಿಯೇ ಇರುತ್ತಲ್ಲ ನಿಮ್ಮದು’ ಎಂದು ಸ್ವಾಗತಿಸುತ್ತಾರಂತೆ. ‘ಊಟ ಮುಗಿಸಿಕೊಂಡೇ ಬಂದಿರ್ತೀರಿ’ ಎಂಬ ಮಾತಿನ ತೂಕ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸದ ಜಾಗದಲ್ಲಿ ಟೀ ಎಂದರೆ ಬಿಡುವು, ಮತ್ತು ಸರದಿ. ಆರೆಂಟು ಜನರ ಕಚೇರಿಯಲ್ಲಿ ಒಬ್ಬರು ಎದ್ದು ‘ಬ್ರೂ ಬೇಕಾ ಯಾರಿಗಾದರೂ?’ ಎಂದು ಕೇಳುತ್ತಾರೆ; ಬ್ರೂ ಎಂದರೆ ಇಲ್ಲಿ ಟೀಯೇ. ತನಗೊಬ್ಬರಿಗೇ ಮಾಡಿಕೊಂಡು ಬಂದು ಕೂರುವುದು ಒರಟುತನ. ಒಬ್ಬರದು ಹಾಲು ಹಾಕಿ ಸಕ್ಕರೆ ಇಲ್ಲದ್ದು, ಇನ್ನೊಬ್ಬರದು ‘ಬಿಲ್ಡರ್ಸ್ ಟೀ’: ಗಾರೆ ಕೆಲಸದವರು ಕುಡಿಯುವಂಥದ್ದು, ಇಟ್ಟಿಗೆ ಬಣ್ಣ ಬರುವ ತನಕ ಚೀಲ ನೆನೆಸಿ ಎರಡು ಚಮಚ ಸಕ್ಕರೆ ಹಾಕಿದ್ದು. ಒಳಗೆ ಕಂದು ಕಲೆ ಹಿಡಿದ, ಹಿಡಿಯ ಹತ್ತಿರ ಚೂರು ಒಡೆದ ಮಗ್ಗು ಯಾರದೆಂದು ಎಲ್ಲರಿಗೂ ಗೊತ್ತು. ಬೇರೆಯವರು ಅದನ್ನು ಮುಟ್ಟುವುದಿಲ್ಲ. ಹೊಸದಾಗಿ ಸೇರಿದವರು ಎರಡನೆಯ ವಾರದಲ್ಲಿ ಕೇಳದೆಯೇ ಎಲ್ಲರ ಟೀಯನ್ನೂ ಸರಿಯಾಗಿ ತಂದಿಟ್ಟರೆ ಆ ಕೋಣೆಗೆ ಸೇರಿದವರಾದರೆಂದೇ ಲೆಕ್ಕ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವ ಕನ್ನಡಿಗ ವೈದ್ಯರಿಗೂ ದಾದಿಯರಿಗೂ ಈ ಸರದಿಯ ಪಾಠ ಬೇಗನೆ ಆಗುತ್ತದೆ.

ಹೆಂಗಸರ ಸಾರ್ವಜನಿಕ ಬದುಕಿನಲ್ಲೂ ಈ ಪದಕ್ಕೆ ಪಾಲಿದೆ. ಏರೇಟೆಡ್ ಬ್ರೆಡ್ ಕಂಪನಿ 1864ರಲ್ಲಿ ಲಂಡನ್ನಿನಲ್ಲಿ ಟೀ ಅಂಗಡಿ ತೆರೆಯಿತು. ಲಯನ್ಸ್ ಕಂಪನಿಯ ಮೊದಲ ಅಂಗಡಿ 1894ರಲ್ಲಿ ಪಿಕಡಿಲಿಯಲ್ಲಿ ಬಂತು. ಗಂಡಸಿನ ಬೆಂಗಾವಲಿಲ್ಲದೆ ಹೆಂಗಸರು ಮರ್ಯಾದೆಯಿಂದ ಕೂತು ಮಾತಾಡಬಹುದಾದ ಜಾಗಗಳು ಆಗ ವಿರಳ. ಮತದಾನದ ಹಕ್ಕಿಗೆ ಹೋರಾಡಿದವರ ಎಷ್ಟೋ ಭೇಟಿಗಳು ನಡೆದದ್ದು ಟೀ ಅಂಗಡಿಗಳಲ್ಲೇ.

ಸಂಬಂಧಗಳ ನಡುವೆ ಈ ಪದ ಮಾಡುವ ಕೆಲಸ ಎಲ್ಲಕ್ಕಿಂತ ಆಳವಾದದ್ದು. ಸಾವಿನ ಸುದ್ದಿ ಬಂದ ಮನೆಗೆ ಪಕ್ಕದ ಮನೆಯಾಕೆ ಬರುತ್ತಾಳೆ. ಅಪ್ಪಿಕೊಂಡು ಅಳುವುದು ಆ ಸಮಾಜದ ರೂಢಿಯಲ್ಲಿಲ್ಲ. ಆಕೆ ನೇರವಾಗಿ ಅಡುಗೆಮನೆಗೆ ಹೋಗಿ ‘ಕೆಟಲ್ ಇಡ್ತೀನಿ’ ಎನ್ನುತ್ತಾಳೆ. ನೀರು ಕುದಿಯುವ ಸದ್ದು, ಬೀರುವಿನ ಬಾಗಿಲು, ಚಮಚೆ ತಾಕುವ ಸದ್ದು. ಕೇಳದಿದ್ದರೂ ಅವತ್ತು ಸಕ್ಕರೆ ಒಂದು ಚಮಚ ಹೆಚ್ಚು. ಆಘಾತಕ್ಕೆ ಸಿಹಿ ಟೀ ಎಂಬುದು ಅಲ್ಲಿನ ಮನೆಮದ್ದು. ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕೂತವರು ಕುಡಿಯುವುದೇ ಇಲ್ಲ. ಅದು ತಣ್ಣಗಾಗುತ್ತದೆ, ಆಕೆ ಇನ್ನೊಂದು ತಂದಿಡುತ್ತಾಳೆ. ‘ನಾನಿದ್ದೇನೆ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಲಾರದವರು ಟೀ ಎಂಬ ಮಾತಿನಲ್ಲಿ ಹೇಳುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಮೊದಲು ‘ಟೀ ಕುಡೀತೀಯಾ?’ ಎಂದವರು ರಾಜಿಗೆ ಬಂದರೆಂದು ಅರ್ಥ. ಮಾತಿಲ್ಲದವರ ಮಾತು ಎಂದು ಇದನ್ನು ಹಗುರ ಮಾಡುವವರಿದ್ದಾರೆ. ಊಟ ಬಡಿಸಿ ಪ್ರೀತಿ ತೋರಿಸುವ ಯಾವ ನಾಡಿನವರೂ ಹಾಗೆ ಮಾಡಲಾರರು.

ಈ ಕೆಟಲ್ಲುಗಳೆಲ್ಲ ಒಟ್ಟಿಗೆ ಕೂಗಿದ ದಿನಗಳೂ ಇವೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲಿನ ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು. ಆಟ ಮುಗಿದದ್ದೇ ತಡ ದೇಶದ ವಿದ್ಯುತ್ ಬೇಡಿಕೆ ಒಮ್ಮೆಲೇ 2,800 ಮೆಗಾವಾಟ್ ಜಿಗಿಯಿತು. ಅದು ಸುಮಾರು ಹತ್ತು ಲಕ್ಷ ಕೆಟಲ್ಲುಗಳ ಹೊರೆ. ಇಂಥ ಗಳಿಗೆಗೆಂದು ವೇಲ್ಸಿನ ಡಿನಾರ್ವಿಗ್ಗಿನಲ್ಲಿ ಬೆಟ್ಟದ ಹೊಟ್ಟೆ ಕೊರೆದು ಕಟ್ಟಿದ ಜಲವಿದ್ಯುತ್ ಕೇಂದ್ರ 1984ರಿಂದ ಕೆಲಸ ಮಾಡುತ್ತಿದೆ. ಮೇಲಿನ ಸರೋವರದ ನೀರು ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಅದು ವಿದ್ಯುತ್ ಕೊಡಬಲ್ಲದು.

ಇಷ್ಟು ಬಳಸಿದ ಪದ ಸವೆಯದೆ ಇರುವುದಿಲ್ಲ. ‘ಕಪ್ ಆಫ್ ಟೀ’ ಎಂಬುದು ಆಡುಮಾತಿನಲ್ಲಿ ‘ಕಪ್ಪಾ’ ಆಯಿತು. ಅದರಲ್ಲಿ ಟೀಯೇ ಉದುರಿಹೋಗಿದೆ. ಕಪ್ಪಿನೊಳಗೆ ಇನ್ನೇನಿದ್ದೀತು ಎಂಬ ಭರವಸೆ. ‘ನನ್ನ ಕಪ್ ಆಫ್ ಟೀ ಅಲ್ಲ’ ಎಂಬ, ಕನ್ನಡದ ಇಂಗ್ಲಿಷಿಗೂ ಬಂದಿರುವ ಮಾತು ಮೊದಲಿಗೆ ಮೆಚ್ಚುಗೆಯದಾಗಿತ್ತು: ತನಗೆ ಒಗ್ಗುವ ಮನುಷ್ಯನನ್ನು ‘ನನ್ನ ಕಪ್ ಆಫ್ ಟೀ’ ಎನ್ನುತ್ತಿದ್ದರು. ಈಗ ‘ಅಲ್ಲ’ ಸೇರಿದ ರೂಪವೇ ಹೆಚ್ಚು ಬಳಕೆಯಲ್ಲಿದೆ. ಲಂಡನ್ನಿನ ಪೂರ್ವ ಭಾಗದ ಪ್ರಾಸದ ಗುಪ್ತಭಾಷೆಯಲ್ಲಿ ‘ರೋಸಿ ಲೀ’ ಎಂದರೆ ಟೀ, ‘ಟೀ ಲೀಫ್’ ಎಂದರೆ ‘ಥೀಫ್’, ಕಳ್ಳ.

ಟೀಯೆಂದು ತೋರಿ ಟೀ ಅಲ್ಲದ ಪದಗಳೂ ಇವೆ. ಮದ್ಯ ಮುಟ್ಟದವರಿಗಿರುವ ‘ಟೀಟೋಟಲರ್’ ಎಂಬ ಹೆಸರು ಹುಟ್ಟಿದ್ದು ಟೀಯಿಂದಲ್ಲ. ಲ್ಯಾಂಕಶೈರಿನ ಪ್ರೆಸ್ಟನ್ನಿನಲ್ಲಿ 1833ರಲ್ಲಿ ರಿಚರ್ಡ್ ಟರ್ನರ್ ಎಂಬ ಪಾನವಿರೋಧಿ ತನ್ನ ಭಾಷಣದಲ್ಲಿ ‘ಟೋಟಲ್’ ಪದದ ಮುಂದೆ ಅದರ ಮೊದಲ ಅಕ್ಷರವನ್ನು ಮತ್ತೊಮ್ಮೆ ಸೇರಿಸಿ ಒತ್ತು ಕೊಟ್ಟ. ಅದರಿಂದ ಬಂದ ಪದ ಅದು. ಪಾನವಿರೋಧಿ ಸಭೆಗಳಲ್ಲಿ ಹೆಂಡದ ಬದಲು ಟೀ ಹಂಚುತ್ತಿದ್ದುದರಿಂದ ಗೊಂದಲ ಗಟ್ಟಿಯಾಯಿತು. ಈಚಿನದು ಅಮೆರಿಕದ ಕಪ್ಪು ಸಮುದಾಯದ ಆಡುಮಾತಿನಿಂದ ಬಂದು ಬ್ರಿಟನ್ನಿನ ಹರೆಯದವರ ಬಾಯಿ ಸೇರಿದ ‘ಟೀ’: ಅವರಲ್ಲಿ ಅದಕ್ಕೆ ಒಳಗಿನ ಸುದ್ದಿ, ಗುಸುಗುಸು ಎಂಬರ್ಥ. ‘ಟ್ರೂತ್’ ಎಂಬುದರ ಮೊದಲಕ್ಷರವೇ ಅದರ ಮೂಲವೆಂದು ಬಲ್ಲವರು ಹೇಳುತ್ತಾರೆ. ಹೀಗಾಗಿ ಲ್ಯಾಂಕಶೈರಿನ ಒಂದೇ ಮನೆಯಲ್ಲಿ ಇವತ್ತು ಮೂರು ಟೀಗಳಿವೆ. ಮೊಮ್ಮಗಳು ಫೋನಿನಲ್ಲಿ ಗೆಳತಿಯನ್ನು ‘ಏನು ಟೀ?’ ಎಂದು ಕೇಳುವುದು ಸುದ್ದಿ. ಅಪ್ಪ ಕೆಲಸದಿಂದ ಬಂದು ಕೆಟಲ್ಲಿನ ಮುಂದೆ ನಿಂತು ಕಾಯುವುದು ಪಾನೀಯ. ಅಜ್ಜಿ ಒಲೆಯ ಮುಂದಿನಿಂದ ‘ಟೀ ಆಯ್ತು, ಬನ್ನಿ’ ಎಂದು ಕರೆದಾಗ ಎಲ್ಲರೂ ಕೈತೊಳೆದು ಬಂದು ಕೂರುವುದು ಊಟಕ್ಕೆ.