ಕಿಟಕಿ ಮತ್ತು ಚಳಿಗಾಲದ ಬಿಸುಪು: ಗೋಕಾಕ, ಮೂಡಲಗಿ, ಹುಕ್ಕೇರಿ

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಈಚೆಗೆ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದ ಮೂಡಲಗಿ ಸೀಮೆಯಲ್ಲಿ ಚಳಿಗಾಲದ ರಾತ್ರಿ ಮನೆಯೊಳಗಿನ ಬಿಸುಪನ್ನು ಕಾಯ್ದುಕೊಳ್ಳುವ ಕೆಲಸ ಬಹುಕಾಲ ಗೋಡೆ ಮತ್ತು ಕಿಟಕಿಯ ಮರದ ಕದಗಳದಾಗಿತ್ತು. ಗಾಜು ಬಂದದ್ದು ತಡವಾಗಿ. ಗಾಜಿನ ಜೊತೆಗೆ ಬೆಳಕು ಬಂದಿತು, ಕದ ಹೋಯಿತು. ಈ ಸೀಮೆಯ ಕಿಟಕಿಯ ಇತಿಹಾಸದಲ್ಲಿ ಮುಖ್ಯವಾದ ತಿರುವು ಇದೇ.

ಹವೆ

ಇಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಹಗಲಿನ ಉಷ್ಣಾಂಶ 28–30 ಡಿಗ್ರಿ ಸೆಲ್ಸಿಯಸ್ ಇದ್ದರೂ ಬೆಳಗಿನ ಜಾವಕ್ಕೆ ಸಾಮಾನ್ಯವಾಗಿ 13–15ಕ್ಕೆ ಇಳಿಯುತ್ತದೆ. ಕೆಲವು ವರ್ಷ 10ರ ಆಸುಪಾಸಿಗೂ ಬರುತ್ತದೆ. ಮೋಡವಿಲ್ಲದ, ಒಣ ಆಕಾಶದ ರಾತ್ರಿಗಳಲ್ಲಿ ನೆಲ, ಚಾವಣಿಗಳು ಹಗಲು ಹೀರಿದ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತವೆ. ಘಟಪ್ರಭೆಯ ದಂಡೆಯಲ್ಲೂ ನೀರು ಹಾಯಿಸಿದ ಕಬ್ಬಿನ ಹೊಲಗಳ ನಡುವೆಯೂ ಇಬ್ಬನಿ, ತಂಡಿ ಇನ್ನಷ್ಟು. ಹಗಲು ಮತ್ತು ರಾತ್ರಿಯ ನಡುವಿನ ಈ ದೊಡ್ಡ ಅಂತರವೇ ಇಲ್ಲಿನ ಚಳಿಯ ಸ್ವಭಾವ. ಆದ್ದರಿಂದ ದಿನವಿಡೀ ಮನೆ ಕಾಯಿಸುವ ಅಗತ್ಯ ಬೀಳಲಿಲ್ಲ. ಹಗಲಿನ ಶಾಖವನ್ನು ಬೆಳಗಿನವರೆಗೆ ಹಿಡಿದಿಟ್ಟುಕೊಂಡರೆ ಸಾಕಾಗುತ್ತಿತ್ತು. ಉಳಿದದ್ದನ್ನು ಕಂಬಳಿ, ಕೌದಿಗಳು ನೋಡಿಕೊಂಡವು. ಕೋಣೆಗಿಂತ ಮೈಯನ್ನು ಬೆಚ್ಚಗಿಡುವುದು ಅಗ್ಗವೆಂಬ ಲೆಕ್ಕ ಕುರಿ ಸಾಕುವ ಸೀಮೆಗೆ ಹೊಸದೇನಲ್ಲ.

ಮಾಳಿಗೆ ಮನೆ ಮತ್ತು ಬೆಳಕಿಂಡಿ

ಹಳೆಯ ಮಾಳಿಗೆ ಮನೆಗಳ ಗೋಡೆ ಎರಡರಿಂದ ಮೂರು ಅಡಿ ದಪ್ಪ. ಗೋಕಾಕದ ಸುತ್ತ ಮರಳುಗಲ್ಲಿನ ಜಾತಿಯ ಕೆಂಬಣ್ಣದ ಕಲ್ಲು, ಪಶ್ಚಿಮಕ್ಕೆ ಹುಕ್ಕೇರಿಯ ಕಡೆ ಕಪ್ಪು ಬಸಾಲ್ಟ್, ಉಳಿದೆಡೆ ಮಣ್ಣು. ಮೇಲೆ ಜಂತಿ, ಅದರ ಮೇಲೆ ಒತ್ತಾಗಿ ಹಾಸಿದ ಮಣ್ಣು. ಒಂದೂವರೆ ಅಡಿಯ ಮಣ್ಣಿನ ಗೋಡೆಯಾದರೂ ಅದನ್ನು ದಾಟಿ ಶಾಖ ಒಳಮುಖಕ್ಕೆ ಬರಲು ಅರ್ಧ ದಿನದಷ್ಟು ಹೊತ್ತು ಬೇಕು. ಮಧ್ಯಾಹ್ನದ ಬಿಸಿಲು ನಡುರಾತ್ರಿಗೆ ಒಳಗೆ ತಲುಪಿದಾಗ ಅದು ಬೇಕೆನಿಸುವ ಹೊತ್ತೇ ಆಗಿರುತ್ತಿತ್ತು.

ಇಂಥ ಮನೆಗೆ ಕಿಟಕಿಗಳು ಕಡಿಮೆ. ಇದ್ದವೂ ಚಿಕ್ಕವು, ಎತ್ತರದಲ್ಲಿದ್ದವು. ಇದಕ್ಕೆ ಚಳಿಯೊಂದೇ ಕಾರಣವೆನ್ನಲಾಗದು. ಕಳ್ಳರ ಭಯ, ಬೇಸಿಗೆಯ ಝಳ, ಗೋಡೆ ಒಡೆದರೆ ಕುಗ್ಗುವ ಅದರ ಬಲ, ಎಲ್ಲವೂ ಸೇರಿ ಕಿಂಡಿಯನ್ನು ಕಿರಿದಾಗಿಸಿದವು. ಬೆಳಕಿನ ಕೊರತೆಯನ್ನು ತುಂಬಿದ್ದು ಚಾವಣಿಯ ಬೆಳಕಿಂಡಿ. ಒಲೆಯ ಹೊಗೆಗೂ ಅದೇ ದಾರಿ. ಆದರೆ ಬಿಸಿ ಗಾಳಿ ಮೇಲೇರುವುದರಿಂದ ಮನೆಯ ಬಿಸುಪು ಸೋರುವ ಮೊದಲ ಜಾಗವೂ ಅದೇ. ಮಳೆಗಾಲಕ್ಕೆಂದು ಇದ್ದ ಮುಚ್ಚಳ, ಅದು ಕಲ್ಲಿನ ಹಲಗೆಯಿರಲಿ, ಬೋರಲು ಹಾಕಿದ ಮಡಕೆಯಿರಲಿ, ಒಲೆ ಆರಿದ ಮೇಲೆ ಚಳಿಗೂ ಒದಗುತ್ತಿತ್ತು. ಹೊಗೆ ಇರುವಾಗ ತೆರೆ, ಕೆಂಡ ಉಳಿದಾಗ ಮುಚ್ಚು ಎಂಬ ಈ ಕ್ರಮದಲ್ಲಿ ಒಂದು ಅಪಾಯವೂ ಇತ್ತು: ಪೂರ್ತಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕದಗಳ ಸಂದು ಬಿಗಿಯಿಲ್ಲದಿದ್ದುದೇ ಆಗ ಪ್ರಾಣ ಉಳಿಸುವ ಗುಣವಾಗುತ್ತಿತ್ತು.

ಎತ್ತು, ಎಮ್ಮೆಗಳನ್ನು ಮನೆಯೊಳಗೇ ಕಟ್ಟುವ ರೂಢಿಯನ್ನೂ ಇಲ್ಲಿ ಹೇಳಬೇಕು. ದೊಡ್ಡ ದನವೊಂದರ ಮೈಯಿಂದ ಕೆಲವು ನೂರು ವಾಟ್ ಶಾಖ ಹೊರಬರುತ್ತದೆ. ನೈರ್ಮಲ್ಯದ ದೃಷ್ಟಿಯಿಂದ ಈ ರೂಢಿಯನ್ನು ಖಂಡಿಸಿದವರು ಬಹಳ. ಚಳಿಯ ದೃಷ್ಟಿಯಿಂದ ನೋಡಿದರೆ ಖರ್ಚಿಲ್ಲದೆ ರಾತ್ರಿಯೆಲ್ಲ ಸಿಗುತ್ತಿದ್ದ ಬಿಸಿ ಅದು.

ಕಿಟಕಿಗೆ ಕದವೇ ಇಲ್ಲದ ಮಾದರಿಯನ್ನು ಮಲಪ್ರಭೆಯ ದಂಡೆಯ ಐಹೊಳೆಯಲ್ಲಿ ನೋಡಬಹುದು. ಅಲ್ಲಿನ ಲಾಡಖಾನ್ ಗುಡಿಯ ಕಲ್ಲಿನ ಜಾಲಂಧ್ರಗಳು ಬೆಳಕನ್ನು ಸೋಸಿ ಕೊಡುತ್ತವೆ, ಗಾಳಿಯನ್ನು ತಡೆಯುವುದಿಲ್ಲ. ದೇವರಿಗೆ ಅದು ಸಾಕು. ಮಲಗುವ ಮನೆಗೆ ಸಾಲದು.

ರೈಲು, ಹೆಂಚು, ಪ್ಲೇಗು

1880ರ ದಶಕದ ಕೊನೆಯ ವೇಳೆಗೆ ಸದರ್ನ್ ಮರಾಠಾ ರೈಲ್ವೆಯ ದಾರಿ ಈ ಸೀಮೆಯನ್ನು ಹಾದುಹೋಯಿತು. ಅದೇ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಎದ್ದಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಕಾರ್ಖಾನೆಯ ಮಾದರಿಯ ಹೆಂಚು, ಕೊಯ್ದ ಸಾಗವಾನಿ, ಕಬ್ಬಿಣದ ಸಳಿಗಳು ಕ್ರಮೇಣ ಊರ ಮನೆಗಳನ್ನೂ ಸೇರಿದವು. ಎರಡು ಜೋಡಿ ಕದದ ಕಿಟಕಿ ಈ ಕಾಲದ ಒಳ್ಳೆಯ ಕೊಡುಗೆ. ಮೇಲಿನ ಜೋಡಿ ತೆರೆದು ಕೆಳಗಿನದನ್ನು ಮುಚ್ಚಿದರೆ ಮಲಗಿದವರ ಮೇಲೆ ಗಾಳಿ ಬೀಸದು, ಕೋಣೆಯ ಗಾಳಿ ಕೆಡದು. ಅದಕ್ಕಿಂತ ಜಾಣತನದ ಕಿಟಕಿ ಆಮೇಲೆ ಈ ಸೀಮೆಗೆ ಬಂದಿಲ್ಲ ಎನ್ನಬಹುದು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹಬ್ಬಿತು. ಗಾಳಿ ಬೆಳಕಿಲ್ಲದ ಮನೆಯೇ ರೋಗದ ಮೂಲವೆಂಬ ನಂಬಿಕೆ ಅಧಿಕಾರಿಗಳಲ್ಲಿ ಬಲವಾಗಿತ್ತು. ಮುಂಬಯಿಯಲ್ಲಿ ಚಾವಣಿಯ ಹೆಂಚು ತೆಗೆಸಿ ಬಿಸಿಲು ಬಿಡಿಸಿದರು. ಇಲಿಯ ಚಿಗಟ ರೋಗ ಹರಡುತ್ತದೆಂದು ಪಾಲ್-ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ಅದನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ದೊಡ್ಡ ಕಿಟಕಿ ಆರೋಗ್ಯದ ಗುರುತಾಯಿತು. ಸರಕಾರಿ ಕಟ್ಟಡ, ಶಾಲೆಗಳ ಗೋಡೆಯ ನೆತ್ತಿಯಲ್ಲಿ ಮುಚ್ಚಲು ಬಾರದ ಗಾಳಿಗಿಂಡಿಗಳು ಬಂದವು. ಬೇಸಿಗೆಗೆ ಅವು ಹಿತ. ಚಳಿಗಾಲದಲ್ಲಿ ಕೋಣೆಯ ಬಿಸಿ ಗಾಳಿಯನ್ನು ರಾತ್ರಿಯಿಡೀ ಹೊರಗೆ ಬಿಡುತ್ತವೆ.

ಗಾಜು

ಎರಡು ಗಾಜುಗಳ ನಡುವೆ ಗಾಳಿಯನ್ನು ಸೆರೆಹಿಡಿದು ಶಾಖ ತಡೆಯುವ ವಿಧಾನಕ್ಕೆ ಅಮೆರಿಕದಲ್ಲಿ ಥಾಮಸ್ ಸ್ಟೆಟ್ಸನ್ 1865ರಲ್ಲೇ ಪೇಟೆಂಟ್ ಪಡೆದಿದ್ದ. ಅಗ್ಗದ, ಸಮತಟ್ಟಾದ ಗಾಜನ್ನು ಸಾಧ್ಯವಾಗಿಸಿದ್ದು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿದ ಫ್ಲೋಟ್ ವಿಧಾನ. ಭಾರತದಲ್ಲಿ ಅದರ ತಯಾರಿಕೆ ಬೆಳೆದದ್ದು 1990ರ ದಶಕದಿಂದ ಈಚೆಗೆ. ಗೋಕಾಕ ಸೀಮೆಯಲ್ಲಿ ಗಾಜು ಮೊದಲು ಬೆಳಕಿಂಡಿಯ ಮೇಲೆ ಕೂತಿತು: ಮುಚ್ಚಳದ ಬದಲು ಒಂದು ಚೌಕ ಗಾಜು. ಬೆಳಕು ಇನ್ನೊಂದು ದಾರಿಯಿಂದಲೂ ಬಂದಿತು: 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆ ತಾಲ್ಲೂಕಿನ ಹಳ್ಳಿಗಳಿಗೆ ದೀಪ ಕೊಟ್ಟಿತು. ಹಿಡಕಲ್ ಜಲಾಶಯ ಮತ್ತು ಸಕ್ಕರೆ ಕಾರ್ಖಾನೆಗಳಿಂದ ಕಬ್ಬಿನ ದುಡ್ಡು ಬಂದ ಮೇಲೆ ಆರ್‌ಸಿಸಿ ಮನೆಗಳು ಹೆಚ್ಚಿದವು. ಹೊಲದ ಗುಡಿಸಲುಗಳಿಗೆ ಮಾತ್ರ ಕಬ್ಬಿನ ರವದಿಯೇ ಗತಿಯಾಗಿ ಉಳಿಯಿತು. ಒಣ ಎಲೆಗಳ ನಡುವೆ ನಿಂತ ಗಾಳಿಯಿಂದಾಗಿ ಅದು ಚಳಿಗೆ ಕೆಟ್ಟ ತಡೆಯೇನಲ್ಲ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು, ಹೊಳೆಸಾಲಿನ ಮಣ್ಣಿನ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ನೆರೆ ಬರುವ ಜಾಗದಲ್ಲಿ ಮತ್ತೆ ಮಣ್ಣಿನ ಗೋಡೆ ಏಳಿಸುವ ಧೈರ್ಯ ಯಾರಿಗಿದ್ದೀತು? ಈಗಿನ ಸಾಮಾನ್ಯ ಮನೆಯ ಆರು ಇಂಚಿನ ಸಿಮೆಂಟ್ ಬ್ಲಾಕ್ ಗೋಡೆ ಶಾಖವನ್ನು ನಾಲ್ಕೈದು ಗಂಟೆ ಹಿಡಿದರೆ ಹೆಚ್ಚು. ಸಂಜೆ ಬಿಸಿ, ಬೆಳಗಿನ ಜಾವಕ್ಕೆ ತಣ್ಣಗೆ. ಕಿಟಕಿ ಅಲ್ಯೂಮಿನಿಯಂ ಸ್ಲೈಡಿಂಗ್: ಎರಡು ಹಳಿಯಲ್ಲಿ ಗಾಜು, ಮೂರನೆಯದರಲ್ಲಿ ಸೊಳ್ಳೆ ಜಾಳಿಗೆ. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಹಾಯಿಸುತ್ತದೆ. ಹಳಿಯ ಸಂದಿನಲ್ಲಿ ಕೂಡಿಸಿದ ಬ್ರಷ್ ಪಟ್ಟಿ ಸವೆದರೆ ಗಾಳಿಗೆ ತಡೆಯಿಲ್ಲ. 2016ರ ಉಜ್ವಲಾ ಯೋಜನೆ ಬಂದ ಮೇಲೆ ಅನಿಲ ಒಲೆ ಇನ್ನಷ್ಟು ಮನೆಗಳಿಗೆ ಬಂದು ಹೊಗೆಯ ಜೊತೆಗೆ ರಾತ್ರಿಯ ಕೆಂಡವನ್ನೂ ಕಡಿಮೆ ಮಾಡಿತು.

ಲೆಕ್ಕ ಮತ್ತು ಉಪಾಯ

ನಾಲ್ಕಡಿಗೆ ನಾಲ್ಕಡಿಯ ಒಂಟಿ ಗಾಜಿನ ಮೂಲಕ, ಒಳಗೆ 24, ಹೊರಗೆ 14 ಡಿಗ್ರಿ ಇರುವ ರಾತ್ರಿ, ಸುಮಾರು 80 ವಾಟ್ ಶಾಖ ಹೊರಹೋಗುತ್ತದೆ; ಮಲಗಿದ ಒಬ್ಬ ಮನುಷ್ಯನ ಮೈ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಜೋಡಿ ಗಾಜು ಅದನ್ನು ಅರ್ಧಕ್ಕೆ ಇಳಿಸುತ್ತದೆ. ಗಾಜಿನ ಒಳಗಡೆ ಒಂದಿಂಚಿನ ಮರದ ಕದವನ್ನು ಬಿಗಿಯಾಗಿ ಮುಚ್ಚಿದರೆ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಹೀಟರನ್ನೇ ಹಚ್ಚದ ಮನೆಯಲ್ಲಿ ಜೋಡಿ ಗಾಜಿನಿಂದ ಉಳಿದ 40 ವಾಟ್ ಯಾವ ಬಿಲ್ಲಿನಲ್ಲೂ ಕಾಣದು. ಚಳಿಗಾಗಿ ಮಾತ್ರ ಜೋಡಿ ಗಾಜು ಹಾಕಿಸುವುದು ಇಲ್ಲಿ ದುಂದು. ಸವೆದ ಬ್ರಷ್ ಪಟ್ಟಿ ಬದಲಿಸುವುದು, ನೆಲದವರೆಗೆ ಇಳಿಯುವ ದಪ್ಪ ಪರದೆಯನ್ನು ಸಂಜೆಯೇ ಎಳೆಯುವುದು, ಹಳೆ ಮನೆಯ ಕದಗಳಿದ್ದರೆ ಕಿತ್ತು ಮಾರದೆ ಗಾಜಿನ ಒಳಗಡೆ ಕೂಡಿಸುವುದು ಹೆಚ್ಚು ಫಲ ಕೊಡುತ್ತವೆ.

ಹಗಲಿನಲ್ಲಿ ದಕ್ಷಿಣದ ಕಿಟಕಿಯನ್ನು ಲೆಕ್ಕಕ್ಕೆ ಹಿಡಿಯಬೇಕು. 16 ಡಿಗ್ರಿ ಉತ್ತರ ಅಕ್ಷಾಂಶದ ಗೋಕಾಕದಲ್ಲಿ ಡಿಸೆಂಬರ್ 21ರ ನಡುಹಗಲ ಸೂರ್ಯ ದಿಗಂತದಿಂದ 50 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ಒಂದೂವರೆ ಅಡಿಯ ಛಜ್ಜವಿದ್ದರೂ ನಾಲ್ಕಡಿ ಕಿಟಕಿಯ ಕೆಳಗಿನ ಅರ್ಧಕ್ಕೆ ಬಿಸಿಲು ಬೀಳುತ್ತದೆ. ಜೂನ್‌ನಲ್ಲಿ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುವುದರಿಂದ ಅದೇ ಕಿಟಕಿಗೆ ನಡುಹಗಲ ಬಿಸಿಲು ಸೋಂಕುವುದಿಲ್ಲ.

ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರ ಡಿಸೆಂಬರ್‌ನಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಮಿತಿ ಹಾಕುತ್ತದೆ. ಅವುಗಳ ಮೂಲಕ ಹೊರಹೋಗುವ ಶಾಖಕ್ಕೆ ಅದು ಮಿತಿ ಹಾಕಿರುವುದು ಹಿಮಾಲಯದ ಊರುಗಳಂಥ ಶೀತ ವಲಯಕ್ಕೆ ಮಾತ್ರ: ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 1.8 ವಾಟ್. ಈ ಮೂರು ತಾಲ್ಲೂಕುಗಳು ಆ ವಲಯಕ್ಕೆ ಸೇರುವುದಿಲ್ಲ.