ಉಮೇದುವಾರನ ಖಾಲಿ ಕಾಲಂ

ಕುಮಟಾದ ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಈಚೆಗೆ ಸರದಿಗಾಗಿ ಕಾಯುತ್ತ ನಿಂತಿದ್ದೆ. ನನ್ನ ಮುಂದೆ ಬಿ.ಕಾಂ. ಕೊನೆಯ ವರ್ಷದ ಹುಡುಗಿಯೊಬ್ಬಳು ತನ್ನ ಮೊದಲ ರೆಸ್ಯೂಮೆ ಮಾಡಿಸುತ್ತಿದ್ದಳು. ಅಂಗಡಿಯವನ ಕಂಪ್ಯೂಟರಿನಲ್ಲಿ ಅದಕ್ಕೊಂದು ಸಿದ್ಧ ನಮೂನೆಯೇ ಇತ್ತು. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಅಂಕಗಳು ಎಲ್ಲ ಸರಸರನೆ ತುಂಬಿದವು. "ಅನುಭವ ಎಂತ ಹಾಕೂದು ತಂಗೀ?" ಎಂದು ಆತ ಕೇಳಿದ. "ಎಂತದೂ ಇಲ್ಲ ಅಣ್ಣಾ" ಎಂದಳು. ಆತ 'ನಿಲ್' ಎಂದು ಒತ್ತಿ ಮುಂದಿನ ಕಾಲಮ್ಮಿಗೆ ಹೋದ.

ಕೆಲಸದ ಅನುಭವವಿಲ್ಲದವರಿಗೆ ಕೆಲಸ ಸಿಗುವುದಿಲ್ಲ, ಕೆಲಸ ಸಿಗದೆ ಅನುಭವ ಬರುವುದಿಲ್ಲ. ಮೊದಲ ನೌಕರಿಯ ಈ ಗಂಟು ಇಂದಿನದಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳ ಸೀಮೆಯಲ್ಲಿ ಒಂದೊಂದು ಕಾಲದ ಜನ ಅದನ್ನು ಒಂದೊಂದು ಬಗೆಯಲ್ಲಿ ಬಿಚ್ಚಿದ್ದಾರೆ. ಆ ಕಥೆಯ ಅರ್ಧ ಭಾಗ ನಾವು ದಿನವೂ ಆಡುವ ಮಾತುಗಳಲ್ಲೇ ಅಡಗಿದೆ. ಅರ್ಜಿ, ಶಿಫಾರಸು, ವಶೀಲಿ, ನೌಕರಿ, ಉಮೇದುವಾರ — ಇವೆಲ್ಲ ಅರಬ್ಬಿ, ಫಾರಸಿಗಳಿಂದ ನಮ್ಮ ಕಚೇರಿಗಳಿಗೆ ಬಂದು ಇಲ್ಲಿಯವೇ ಆಗಿಬಿಟ್ಟ ಶಬ್ದಗಳು.

ಈ ಕರಾವಳಿಗೆ ಬಂದುಹೋದ ಅತ್ಯಂತ ಪ್ರಸಿದ್ಧ ಉದ್ಯೋಗಾರ್ಥಿ ಇಬ್ನ್ ಬತೂತ ಎಂದರೆ ಕೆಲವರಿಗೆ ನಗು ಬರಬಹುದು. 1340ರ ದಶಕದಲ್ಲಿ ಹೊನ್ನಾವರದಲ್ಲಿ ತಂಗಿದ್ದ ಈ ಮೊರಾಕ್ಕೋ ಪ್ರವಾಸಿ ಆ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟ. ಈ ಸಂಖ್ಯೆಗಳನ್ನು ನಮ್ಮ ಜಿಲ್ಲೆಯವರು ಹೆಮ್ಮೆಯಿಂದ ಎತ್ತಿ ಹೇಳುತ್ತಾರೆ. ಆದರೆ ಆತ ಭಾರತಕ್ಕೆ ಬಂದದ್ದೇ ಕೆಲಸ ಹುಡುಕಿಕೊಂಡು ಎಂಬುದನ್ನು ಮರೆಯುತ್ತೇವೆ. 1334ರ ಸುಮಾರಿಗೆ ದೆಹಲಿ ತಲುಪಿದವನನ್ನು ಮಹಮ್ಮದ್ ಬಿನ್ ತುಘಲಕನ ಆಸ್ಥಾನದವರು ಯಾವ ಹುದ್ದೆಗೆ ಅರ್ಹನೆಂದು ಕೇಳಿದರು. ಮಂತ್ರಿಗಿರಿ, ಲೆಕ್ಕಪತ್ರ ತನಗೆ ಒಗ್ಗುವುದಿಲ್ಲ, ನ್ಯಾಯ ಹೇಳುವುದು ತನ್ನ ಮತ್ತು ತನ್ನ ಹಿರಿಯರ ಕಸುಬು ಎಂದು ಆತ ತಿಳಿಸಿದ. ಅದಕ್ಕೆ ಮೊದಲು 21ರ ಹರೆಯದಲ್ಲಿ ಯಾತ್ರಿಕರ ತಂಡವೊಂದಕ್ಕೆ ದಾರಿಯುದ್ದಕ್ಕೂ ಖಾಜಿಯಾಗಿದ್ದುದು ಬಿಟ್ಟರೆ ಆತನಿಗಿದ್ದ ಅನುಭವ ಅಷ್ಟಕ್ಕಷ್ಟೆ. ಊರಿನ ಭಾಷೆ ಬಾರದು, ಪಂಥವೂ ಬೇರೆ ಎಂದು ಆತನೇ ಹೇಳಿಕೊಂಡ. ಸುಲ್ತಾನನು ಸಹಾಯಕ್ಕೆ ಇಬ್ಬರು ಉಪ ಖಾಜಿಗಳನ್ನು ಕೊಟ್ಟು ದೆಹಲಿಯ ಖಾಜಿ ಪದವಿಯನ್ನು ಅವನಿಗೇ ವಹಿಸಿದ. ಮನೆತನದ ಹೆಸರೇ ಅಲ್ಲಿ ಅನುಭವದ ಕಾಲಮ್ಮನ್ನು ತುಂಬಿತ್ತು.

ನಮ್ಮಲ್ಲೂ ಬಹುಕಾಲ ನಡೆದದ್ದು ಇದೇ. ಶಾನಭಾಗ, ನಾಡಕರ್ಣಿ ಎಂಬ ಅಡ್ಡಹೆಸರುಗಳು ಒಂದು ಕಾಲಕ್ಕೆ ಹುದ್ದೆಗಳಾಗಿದ್ದವು. ಊರಿನ ಲೆಕ್ಕ ಬರೆಯುವ ಶಾನುಭೋಗಿಕೆ ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಹುಡುಗ ತಂದೆಯ ಪಕ್ಕದಲ್ಲಿ ಕುಳಿತು, ಕಪ್ಪು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಅಂಕಿಗಳನ್ನು ತಿದ್ದುತ್ತ ಕಸುಬು ಕಲಿಯುತ್ತಿದ್ದ. ಕೆಲಸ ಯಾವಾಗ ಆರಂಭವಾಯಿತು, ಕಲಿಕೆ ಯಾವಾಗ ಮುಗಿಯಿತು ಎಂದು ಹೇಳುವುದೇ ಸಾಧ್ಯವಿರಲಿಲ್ಲ. ಅಂಥವನಿಗೆ 'ನಿನ್ನ ಅನುಭವವೇನು?' ಎಂದು ಯಾರೂ ಕೇಳಲಿಲ್ಲ. ಹಾಗೆಯೇ ಶಾನಭಾಗನಲ್ಲದವನಿಗೆ ಆ ಕಡತ ಮುಟ್ಟುವ ಅವಕಾಶವನ್ನೂ ಯಾರೂ ಕೊಡಲಿಲ್ಲ. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿದ್ದು 1961ರ ಕಾಯ್ದೆ. ಅಂದರೆ ಇಂದಿನ ಅಜ್ಜಂದಿರ ಕಾಲದವರೆಗೂ ಈ ವ್ಯವಸ್ಥೆ ಉಸಿರಾಡುತ್ತಿತ್ತು.

1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಬೆಲೆ ಏರಿದ್ದ ಕಾಲ ಅದು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆಯದ ಊರಿನ ಹೆಸರೇ ಆ ಹತ್ತಿಗೆ ಅಂಟಿ, ಪೇಟೆಯಲ್ಲಿ ಅದು 'ಕುಮಟಾ ಹತ್ತಿ' ಎನಿಸಿತು. ಬಂದರು, ಸುಂಕದಕಟ್ಟೆ, ಮಾಮಲೇದಾರ ಕಚೇರಿ, ಕೋರ್ಟು ಎಲ್ಲೆಲ್ಲೂ ಬರೆಯುವ ಕೈಗಳು ಬೇಕಾದವು. ಭಟ್ಕಳ ಆಗ ಹೊನ್ನಾವರ ತಾಲ್ಲೂಕಿನ ಒಂದು ಪೇಟಾ. ಶಾನುಭೋಗಿಕೆಯಿಲ್ಲದ ಮನೆಯ ಹುಡುಗರೂ ಕಾರಕೂನರಾಗುವ ಕನಸು ಕಾಣತೊಡಗಿದರು.

ಇಲ್ಲಿ ಹುಟ್ಟಿಕೊಂಡವನೇ 'ಉಮೇದುವಾರ'. ಇಂದು ನಾವು ಈ ಮಾತನ್ನು ಚುನಾವಣೆಗೆ ನಿಲ್ಲುವವರಿಗೆ ಮೀಸಲಿಟ್ಟಿದ್ದೇವೆ. ಮೂಲದಲ್ಲಿ ಅದು 'ಆಸೆ ಇಟ್ಟುಕೊಂಡವನು'. ಉಮೇದು ಎಂದರೆ ಆಸೆ, ಭರವಸೆ. ಮುಂಬಯಿ ಪ್ರಾಂತದ ಕಚೇರಿಗಳಲ್ಲಿ ಸಂಬಳವಿಲ್ಲದೆ ದುಡಿಯುತ್ತ, ಜಾಗ ಖಾಲಿಯಾಗುವುದನ್ನೇ ಕಾಯುವ ಹುಡುಗನನ್ನು ಹಾಗೆ ಕರೆಯುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವುದು, ಕಾಗದಗಳ ನಕಲು ತೆಗೆಯುವುದು, ಹಳೆಯ ದಫ್ತರ ಹುಡುಕಿಕೊಡುವುದು, ಹಿರಿಯ ಕಾರಕೂನನ ಅಕ್ಷರದಂತೆಯೇ ತನ್ನ ಅಕ್ಷರ ತಿದ್ದಿಕೊಳ್ಳುವುದು — ಇದೇ ಅವನ ದಿನಚರಿ. ತಿಂಗಳ ಕೊನೆಗೆ ಕೈಗೆ ಏನೂ ಇಲ್ಲ. ಯಾರಾದರೂ ರಜೆಯ ಮೇಲೆ ಹೋದರೆ ಬದಲಿಗೆ ಕುಳಿತುಕೊಳ್ಳುವ ಭಾಗ್ಯ ಸಿಗಬಹುದು, ಸಾಹೇಬರ ಕಣ್ಣಿಗೆ ಬೀಳಬಹುದು. ಹೀಗೆ ವರ್ಷಗಟ್ಟಲೆ ಕಾದವರುಂಟು. ಮರಾಠಿಯಲ್ಲಿ ಇಂದಿಗೂ ಕೆಲಸ ಕಲಿಯುವವನನ್ನು 'ಶಿಕಾವೂ ಉಮೇದವಾರ' ಎನ್ನುವುದು ಆ ಕಾಲದ ನೆನಪೇ. (ನಮ್ಮ ಸರಕಾರಿ ಕನ್ನಡ ಅದಕ್ಕೆ 'ಶಿಶಿಕ್ಷು' ಎಂಬ ಶಬ್ದ ಮಾಡಿದೆ. ನಾಲಿಗೆ ಹೊರಳಿದವರು ಹೇಳಬಹುದು!)

ಉಮೇದುವಾರಿಕೆ ಗಂಟನ್ನು ಬಿಚ್ಚಿತು ನಿಜ. ಅನುಭವವಿಲ್ಲದವನಿಗೆ ಅನುಭವ ದೊರೆಯಿತು. ಆದರೆ ಅದರ ಬೆಲೆಯನ್ನು ಹುಡುಗನ ಮನೆಯವರು ತೆತ್ತರು. ಎರಡು ಮೂರು ವರ್ಷ ಸಂಬಳವಿಲ್ಲದೆ ಕೂರಲು ಮನೆಯಲ್ಲಿ ಗದ್ದೆಯೋ ತೋಟವೋ ಇರಬೇಕು, ಇಲ್ಲವೆ ತಾಲ್ಲೂಕಿನ ಪೇಟೆಯಲ್ಲಿ ಊಟ ಹಾಕುವ ನೆಂಟರಿರಬೇಕು. ದೋಣಿ ನಡೆಸುವವನ ಮಗ, ಸೇಂದಿ ಇಳಿಸುವವನ ಮಗ ಹಾಗೆ ಕೂರುವಂತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಏಳಲೇ ಇಲ್ಲ. ಈಗ ನಗರಗಳಲ್ಲಿ ಸಂಬಳವಿಲ್ಲದ ಇಂಟರ್ನ್‌ಶಿಪ್ಪಿಗೆ ಹೋಗಲು ಬೆಂಗಳೂರಿನ ಬಾಡಿಗೆಯ ಲೆಕ್ಕ ಹಾಕಿ ಹಿಂದೆ ಸರಿಯುವ ಹುಡುಗರನ್ನು ಕಂಡಾಗ ನನಗೆ ಆ ಉಮೇದುವಾರನೇ ನೆನಪಾಗುತ್ತಾನೆ.

ಇದಕ್ಕೆ ಪರ್ಯಾಯವಾಗಿ ಬಂದದ್ದು ಪರೀಕ್ಷೆ. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾಗಿ, 1859ರಲ್ಲಿ ಮೊದಲ ಮ್ಯಾಟ್ರಿಕ್ ಪರೀಕ್ಷೆ ನಡೆಯಿತು. ಪಾಸಾದ ಕೆಲವೇ ಮಂದಿಯಲ್ಲಿ ಮಹಾದೇವ ಗೋವಿಂದ ರಾನಡೆ ಒಬ್ಬರು. ಅಷ್ಟು ದೂರ ಹೋಗಲಾಗದವರಿಗೆ ಕನ್ನಡ ಏಳನೆಯ ಇಯತ್ತೆಯ ಕೊನೆಗೆ 'ಮುಲ್ಕಿ' ಪರೀಕ್ಷೆಯಿತ್ತು. ಮುಲ್ಕಿ ಪಾಸಾದವನು ಊರಿಗೆ ಮಾಸ್ತರನಾಗಬಲ್ಲ. ನಮ್ಮ ಕಡೆಯ ಹಳ್ಳಿ ಶಾಲೆಗಳನ್ನು ಕಟ್ಟಿದವರಲ್ಲಿ ಅನೇಕರು ಈ ಒಂದು ಕಾಗದದ ಬಲದಿಂದಲೇ ಕುರ್ಚಿ ಏರಿದವರು. ಹುಡುಗ ಏನು ಮಾಡಿದ್ದಾನೆ ಎಂಬ ಪ್ರಶ್ನೆಯ ಜಾಗದಲ್ಲಿ ಏನು ಪಾಸಾಗಿದ್ದಾನೆ ಎಂಬುದು ಬಂದು ಕುಳಿತಿತು. ಪರೀಕ್ಷೆಯ ಮಹಿಮೆ ಎಷ್ಟು ಬೆಳೆಯಿತೆಂದರೆ 'ಬಿ.ಎ. ಫೇಲ್' ಎಂಬುದೂ ಅರ್ಜಿಯಲ್ಲಿ ಬರೆದುಕೊಳ್ಳುವ ಅರ್ಹತೆಯಾಯಿತು. ಇಂಗ್ಲಿಷರು ಇದನ್ನು ಗೇಲಿ ಮಾಡಿದರು. ಗೇಲಿಗೆ ಕಾರಣವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಬಿ.ಎ.ವರೆಗೆ ಹೋಗಿ ಎಡವಿದವನು ಮ್ಯಾಟ್ರಿಕ್ ದಾಟಿದ್ದಾನೆ, ಇಂಗ್ಲಿಷ್ ಓದಿದ್ದಾನೆ ಎಂಬುದನ್ನು ಎರಡೇ ಶಬ್ದಗಳಲ್ಲಿ ತಿಳಿಸುವ ಪ್ರಾಮಾಣಿಕ ಉಪಾಯವದು.

ಪರೀಕ್ಷೆಯ ಜೊತೆಗೆ ಹೆಡ್‌ಮಾಸ್ತರರ ನಡತೆ ಪ್ರಮಾಣಪತ್ರ, ಊರಿನ ದೊಡ್ಡ ಮನುಷ್ಯರೊಬ್ಬರ ಶಿಫಾರಸು ಕಾಗದ, ಕೊನೆಯಲ್ಲಿ 'ತಮ್ಮ ವಿಧೇಯ' ಎಂಬ ಒಪ್ಪಣೆ. ಶಾಲೆಯ ರಜಾ ಚೀಟಿಯಲ್ಲಿ ನಾವೆಲ್ಲ ಬರೆದ ಆ ವಿಧೇಯತೆ ಬಂದದ್ದು ಇಂಥ ಅರ್ಜಿಗಳಿಂದಲೇ.

ಇಷ್ಟಾದರೂ ಮೊದಲ ಬಾಗಿಲು ತೆರೆಯಲು ನೆಂಟಸ್ತಿಕೆ ಬೇಕೇ ಇತ್ತು. ಶಿರಾಲಿಯ ಚಿತ್ರಾಪುರ ಮಠದ ಶಿಷ್ಯರಾದ ಸಾರಸ್ವತರು ಮುಂಬಯಿಯ ಕಚೇರಿಗಳಿಗೆ ಹಡಗು ಹತ್ತಿದಾಗ, ಮೊದಲು ಹೋದವನ ಖೋಲಿಯೇ ಅನಂತರ ಬಂದವನ ವಿಳಾಸವಾಯಿತು. 1906ರಲ್ಲಿ ಶಾಮರಾವ್ ವಿಠ್ಠಲರ ಹೆಸರಿನ ಸಹಕಾರಿ ಪತ್ತಿನ ಸಂಘ, 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಅಲ್ಲಿ ಹುಟ್ಟಿದ್ದು ಇಂಥ ಹುಡುಗರ ಸಾಲ, ವಸತಿ, ಓದಿನ ಕಷ್ಟಗಳ ನಡುವೆ. ಅವರಿಗಿಂತ ಮೊದಲೇ ಆ ಹಾದಿ ಹಿಡಿದವರು ನಾರಾಯಣ ಗಣೇಶ ಚಂದಾವರಕರ. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದವರು. ಕಾನೂನು ಪದವಿ ಕೈಗೆ ಬರುವ ಮೂರು ವರ್ಷ ಮೊದಲೇ, 1878ರಲ್ಲಿ, 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ಭಾಗದ ಸಂಪಾದಕರಾದರು. 1900ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು, ಮರುವರ್ಷ ಹೈಕೋರ್ಟಿನ ನ್ಯಾಯಾಧೀಶರಾದದ್ದು ಎಲ್ಲರೂ ಬಲ್ಲ ಸಂಗತಿ. ಆದರೆ 23ರ ತರುಣನ ಕೈಗೆ ಪತ್ರಿಕೆಯ ಲೇಖನಿ ಕೊಟ್ಟವರ ಧೈರ್ಯವನ್ನೂ ನೆನೆಯಬೇಕು.

ಭಟ್ಕಳದ ನವಾಯತರ ಹಾದಿ ಬೇರೆ. ಅಲ್ಲಿನ ಹುಡುಗ ಅರ್ಜಿ ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ದಕ್ಷಿಣ ಭಾರತದ ಪೇಟೆಗಳಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾಮನ ಗಲ್ಲಾದ ಪಕ್ಕದಲ್ಲಿ ನಿಂತು ವ್ಯಾಪಾರ ಕಲಿಯುತ್ತಿದ್ದ. 1970ರ ದಶಕದಿಂದೀಚೆಗೆ ಕೊಲ್ಲಿ ದೇಶಗಳಿಂದ ಬರುವ ವೀಸಾ ಆ ಗಲ್ಲಾದ ಸ್ಥಾನ ಪಡೆಯಿತು. 1919ರಲ್ಲಿ ಆರಂಭವಾದ ಅಂಜುಮನ್ ಸಂಸ್ಥೆ ಶಾಲೆ, ಕಾಲೇಜುಗಳನ್ನು ಕಟ್ಟಿದಂತೆ ನೆಂಟರ ಕಾಗದದ ಜೊತೆಗೆ ಪದವಿಯ ಕಾಗದವೂ ವಿಮಾನ ಹತ್ತಿತು.

ಸ್ವಾತಂತ್ರ್ಯದ ನಂತರ ಕುಮಟಾ, ಹೊನ್ನಾವರಗಳಲ್ಲೇ ಕಾಲೇಜುಗಳಾದವು. ಧಾರವಾಡಕ್ಕೋ ಮುಂಬಯಿಗೋ ಹೋಗದೆ ಪದವಿ ಪಡೆಯುವುದು ಸಾಧ್ಯವಾಯಿತು. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗಾಗಿ 1945ರಲ್ಲಿ ದೇಶದಲ್ಲಿ ತೆರೆದ ಉದ್ಯೋಗ ವಿನಿಮಯ ಕೇಂದ್ರಗಳು 1948ರಲ್ಲಿ ಎಲ್ಲರಿಗೂ ಬಾಗಿಲು ತೆರೆದವು. ಪದವಿ ಮುಗಿದೊಡನೆ ಕಾರವಾರದ ಬಸ್ಸು ಹಿಡಿದು, ಶರಾವತಿ, ಅಘನಾಶಿನಿ, ಗಂಗಾವಳಿ ದಾಟಿ ಹೆಸರು ನೋಂದಾಯಿಸಿ ಬರುವುದು ಒಂದು ತಲೆಮಾರಿನ ಸಂಸ್ಕಾರವೇ ಆಗಿತ್ತು. ಕಾರ್ಡಿನ ನವೀಕರಣ ತಪ್ಪಿಸಬಾರದು, ಕರೆ ಬರಬಹುದು, ಬಾರದಿರಬಹುದು. ಉಮೇದುವಾರ ಕಚೇರಿಯೊಳಗೆ ಕಾದರೆ ಇವನು ಮನೆಯಲ್ಲಿ ಕಾದ. ಆಗಿನ 'ಬಯೋಡಾಟಾ'ದ ಎರಡನೆಯ ಸಾಲಿನಲ್ಲೇ ತಂದೆಯ ಹೆಸರು, ಮುಂದೆ ಜಾತಿ, ಧರ್ಮ. ಮದುವೆಗೂ ನೌಕರಿಗೂ ಒಂದೇ ಹಾಳೆ ನಡೆಯುತ್ತಿತ್ತು.

ಈಗಿನ ರೆಸ್ಯೂಮೆ ಕೇಳುವುದು ಇನ್ನೊಂದನ್ನು. ಯಾರ ಮಗ, ಏನು ಪಾಸು ಎಂಬುದರ ಜೊತೆಗೆ ನೀನು ಏನು ಮಾಡಬಲ್ಲೆ ಎಂದು ನೀನೇ ಹೇಳು ಎನ್ನುತ್ತದೆ. ಇದರ ಮೂಲಪುರುಷನೆಂದು ಲಿಯೊನಾರ್ಡೊ ಡ ವಿಂಚಿಯನ್ನು ತೋರಿಸುವುದು ವಾಡಿಕೆ. 1482ರ ಸುಮಾರಿಗೆ, ಮೂವತ್ತರ ಆಸುಪಾಸಿನಲ್ಲಿದ್ದ ಆತ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಿಗೆ ಬರೆಸಿದ ಪತ್ರದ ಕರಡು ಉಳಿದುಬಂದಿದೆ. ಹಗುರ ಸೇತುವೆ, ಕಂದಕ ಬರಿದು ಮಾಡುವ ಉಪಾಯ, ಫಿರಂಗಿ, ಮುಚ್ಚಿದ ರಥ ಎಂದು ಹತ್ತು ಅಂಶಗಳ ಪಟ್ಟಿ ಅದು. ಬಹುಪಾಲು ಆತ ಅದುವರೆಗೆ ಮಾಡಿ ತೋರಿಸಿರದ ಕೆಲಸಗಳೇ. ಚಿತ್ರ ಬರೆಯಬಲ್ಲೆ ಎಂಬುದು ಕೊನೆಯಲ್ಲಿ, ಅದೂ ಶಾಂತಿಕಾಲದ ಕೆಲಸಗಳ ಸಾಲಿನಲ್ಲಿ. ಯುದ್ಧದ ಭಯದಲ್ಲಿದ್ದ ದೊರೆಗೆ ಬೇಕಾದದ್ದನ್ನು ಮೊದಲು ಹೇಳಿದ ಜಾಣತನ ಅಲ್ಲಿದೆ. ನಂಬಿಕೆ ಬಾರದಿದ್ದರೆ ನಿಮ್ಮ ತೋಟದಲ್ಲೇ ಮಾಡಿ ತೋರಿಸುತ್ತೇನೆ ಎಂಬ ಮಾತೂ ಇದೆ.

ಅಂಗಡಿಯ ಆ ಹುಡುಗಿಗೆ ಕೊಚ್ಚಿಕೊಳ್ಳುವ ಅಗತ್ಯವೇ ಇರಲಿಲ್ಲ. ಮುದ್ರಣ ಯಂತ್ರದಲ್ಲಿ ಹಾಳೆ ಸಿಕ್ಕಿಕೊಂಡು ಹೊತ್ತು ಹೋದಾಗ ಆಕೆ ಗಡಿಯಾರ ನೋಡಿಕೊಂಡಳು. ಯಾಕೆ ಅವಸರ ಎಂದು ಕೇಳಿದೆ. ಹೊನ್ನಾವರದ ಕಾಸರಕೋಡಿನಲ್ಲಿ ಸೋದರಮಾವನ ಬೋಟು ಸಂಜೆ ದಡಕ್ಕೆ ಬರುತ್ತದಂತೆ. ಡೀಸೆಲ್, ಐಸು, ಹರಾಜಿನ ದುಡ್ಡು, ಎಲ್ಲ ಕಳೆದು ಆಳುಗಳ ಪಾಲು — ಪಿಯುಸಿಯಿಂದಲೂ ಪುಸ್ತಕದಲ್ಲಿ ಬರೆದು ಹಂಚುವವಳು ಅವಳೇ. ತಪ್ಪಿದರೆ ಜಗಳ, ಈವರೆಗೆ ತಪ್ಪಿಲ್ಲ ಎಂದಳು. "ಅದನ್ನೇ ಬರೆಸಮ್ಮಾ" ಎಂದೆ. "ಅದು ಮನೆ ಕೆಲಸ ಅಲ್ವಾ ಸರ್?" ಎಂದು ನಕ್ಕಳು. ಐದು ವರ್ಷ ಲೆಕ್ಕ ಬರೆದವಳು ಲೆಕ್ಕದ ಕೆಲಸಕ್ಕೇ ಅರ್ಜಿ ಹಾಕುತ್ತಿದ್ದಳು.

ಕೊನೆಗೂ ಒಪ್ಪಿದಳು. ಆದರೆ ಅಂಗಡಿಯವನ ನಮೂನೆಯಲ್ಲಿ ಕಂಪನಿಯ ಹೆಸರಿಲ್ಲದೆ ಅನುಭವದ ಕಾಲಂ ತುಂಬುವಂತಿರಲಿಲ್ಲ. ಆತ ಸ್ವಲ್ಪ ಯೋಚಿಸಿ, ಬೋಟಿನ ಲೆಕ್ಕವನ್ನು 'ಹವ್ಯಾಸಗಳು' ಎಂಬಲ್ಲಿ, ಓದು ಮತ್ತು ಸಂಗೀತದ ಕೆಳಗೆ ಸೇರಿಸಿ, ಮೂರು ಪ್ರತಿ ತೆಗೆದುಕೊಟ್ಟ.